ದೃಶ್ಯವೈಭವ ಮತ್ತು ಭಾವದ ಆಳ: ‘ಸ್ಪೈಡರ್‌ಮ್ಯಾನ್ 2’

ಸೂಪರ್‌ಹೀರೋ ಚಿತ್ರಕ್ಕೆ ಹುಟ್ಟಿನಿಂದಲೇ ಅಂಟಿಬಂದ ತೊಡಕೊಂದಿದೆ: ಮುಖ್ಯ ಗಳಿಗೆಯಲ್ಲಿ ನಾಯಕನ ಮುಖ ಕಾಣುವುದಿಲ್ಲ. ಸಿನಿಮಾ ಬೆಳೆದದ್ದೇ ಮುಖವನ್ನು ಹತ್ತಿರದಿಂದ ತೋರಿಸುತ್ತ. ತುಟಿಯ ನಡುಕ, ನುಂಗಿಕೊಂಡ ಮಾತು, ಕಣ್ಣು ತಪ್ಪಿಸುವ ಒಂದು ಕ್ಷಣ, ಇವನ್ನೆಲ್ಲ ರಂಗಮಂದಿರದ ಕೊನೆಯ ಸಾಲಿಗೆ ಮುಟ್ಟಿಸುವುದು ನಾಟಕದವರಿಗೆ ಕಷ್ಟ, ಕ್ಯಾಮರಾಕ್ಕೆ ಸುಲಭ. ನಾಯಕ ಮುಖವಾಡ ತೊಟ್ಟೊಡನೆ ಆ ಸೌಕರ್ಯ ಕೈತಪ್ಪುತ್ತದೆ. ಉಳಿಯುವುದು ಬಣ್ಣದ ಉಡುಪು, ಹಾರಾಟ, ಹೊಡೆದಾಟ, ಕುಸಿಯುವ ಕಟ್ಟಡ. ಹಾಗಾಗಿ ಇಂಥ ಚಿತ್ರಗಳು ಬಹುಮಟ್ಟಿಗೆ ಎರಡು ಹೋಳಾಗಿ ನಿಲ್ಲುತ್ತವೆ. ಮುಖವಾಡ ಇಲ್ಲದಾಗ ಭಾವ, ಇದ್ದಾಗ ವೈಭವ. ಪ್ರೇಕ್ಷಕ ಒಂದನ್ನು ನೋಡುತ್ತ ಇನ್ನೊಂದಕ್ಕೆ ಕಾಯುತ್ತಾನೆ. ಈ ಎರಡು ಹೋಳುಗಳನ್ನು ಬೆಸೆದ ಚಿತ್ರಗಳು ಕಡಿಮೆ. ಸ್ಯಾಮ್ ರೈಮಿ ನಿರ್ದೇಶಿಸಿ, 2004ರ ಜೂನ್ 30ರಂದು ಅಮೆರಿಕದಲ್ಲಿ ತೆರೆಕಂಡ ‘ಸ್ಪೈಡರ್‌ಮ್ಯಾನ್ 2’ ಅವುಗಳಲ್ಲಿ ಮುಖ್ಯವಾದದ್ದು.

ಅದಕ್ಕೂ ಹಿಂದಿನವರು ಹಿಡಿದ ದಾರಿ ಬೇರೆ. ರಿಚರ್ಡ್ ಡಾನರ್ ನಿರ್ದೇಶನದ ‘ಸೂಪರ್‌ಮ್ಯಾನ್’ (1978) ಈ ಬಗೆಯ ದೊಡ್ಡ ಚಿತ್ರಗಳಿಗೆಲ್ಲ ಮೇಲ್ಪಂಕ್ತಿ ಹಾಕಿಕೊಟ್ಟಿತು. ಸೂಪರ್‌ಮ್ಯಾನ್‌ಗೆ ಮುಖವಾಡವಿಲ್ಲ, ಆತ ಸಾಮಾನ್ಯನ ವೇಷದಲ್ಲಿರುವಾಗ ಹಾಕಿಕೊಳ್ಳುವ ಕನ್ನಡಕ ಮಾತ್ರ ಉಂಟು. ಹಾಗಾಗಿ ಡಾನರ್ ತಂಡದ ಕಷ್ಟವೆಲ್ಲ ಹಾರಾಟದ್ದು. ಜೋರಾನ್ ಪೆರಿಸಿಕ್ ರೂಪಿಸಿದ ಉಪಾಯದಲ್ಲಿ ಪ್ರೊಜೆಕ್ಟರಿನ ಜೂಮ್ ಲೆನ್ಸೂ ಕ್ಯಾಮರಾದ ಜೂಮ್ ಲೆನ್ಸೂ ಒಂದೇ ತಾಳಕ್ಕೆ ಚಲಿಸುತ್ತಿದ್ದವು. ಹಿನ್ನೆಲೆಯ ಆಕಾಶ ಇದ್ದಷ್ಟೇ ಇರುತ್ತಿತ್ತು, ಮುಂದೆ ತೂಗುಬಿಟ್ಟ ನಟ ಮಾತ್ರ ದೊಡ್ಡವನಾಗುತ್ತ ಹತ್ತಿರ ಬಂದಂತೆ ಕಾಣುತ್ತಿದ್ದ. ಆದರೆ ಆ ಚಿತ್ರದಲ್ಲಿ ಮನಸ್ಸಿನಲ್ಲಿ ಉಳಿಯುವ ಚಮತ್ಕಾರಕ್ಕೆ ಯಾವ ಯಂತ್ರವೂ ಬೇಕಾಗಿರಲಿಲ್ಲ. ಲೋಯಿಸ್ ಲೇನ್ ಮನೆಯಲ್ಲಿ ಒಬ್ಬನೇ ನಿಂತ ಕ್ಲಾರ್ಕ್ ಕೆಂಟ್ ನಿಜ ಹೇಳಿಬಿಡೋಣವೆಂದು ಕನ್ನಡಕ ತೆಗೆಯುತ್ತಾನೆ. ಕುಗ್ಗಿದ ಬೆನ್ನು ನೆಟ್ಟಗಾಗುತ್ತದೆ, ದನಿ ತುಂಬಿಕೊಳ್ಳುತ್ತದೆ, ಆಳೇ ಬೇರೆಯಾಗುತ್ತಾನೆ. ಮರುಗಳಿಗೆ ಧೈರ್ಯ ಸಾಲದೆ ಮತ್ತೆ ಕುಗ್ಗುತ್ತಾನೆ. ಕ್ರಿಸ್ಟೋಫರ್ ರೀವ್ ಅಭಿನಯದ ಈ ಕೆಲವು ಸೆಕೆಂಡುಗಳಲ್ಲಿ ಮುಂದೆ ರೈಮಿ ಹಿಡಿಯಲಿದ್ದ ಎಳೆ ಇದೆ.

ಸ್ಪೈಡರ್‌ಮ್ಯಾನ್ ವಿಷಯದಲ್ಲಿ ಕಷ್ಟ ಇನ್ನೂ ಹೆಚ್ಚು. ಅವನ ಮುಖವಾಡ ಕಣ್ಣನ್ನೂ ಬಾಯನ್ನೂ ಬಿಡದೆ ಪೂರ್ತಿ ಮುಚ್ಚುತ್ತದೆ. 2002ರಲ್ಲಿ ಬಂದ ಮೊದಲ ಭಾಗದಲ್ಲಿ ಖಳನಾಯಕ ಗ್ರೀನ್ ಗಾಬ್ಲಿನ್‌ಗೂ ಗಟ್ಟಿ ಮುಖವಾಡವೇ. ಮಾಳಿಗೆಯ ಮೇಲೆ ಇಬ್ಬರೂ ಎದುರುಬದುರಾಗಿ ದೀರ್ಘವಾಗಿ ಮಾತಾಡುವ ದೃಶ್ಯವೊಂದಿದೆ. ವಿಲೆಮ್ ಡೆಫೋನಂಥ ನಟನಿದ್ದೂ ಅಲ್ಲಿ ಎರಡು ಹೆಲ್ಮೆಟ್‌ಗಳು ತಲೆಯಾಡಿಸಿದಂತೆ ಕಾಣುತ್ತದೆ. ಎರಡನೆಯ ಭಾಗದ ಖಳನಾದ ಆಟೊ ಆಕ್ಟೇವಿಯಸ್ ಅಥವಾ ಡಾಕ್ಟರ್ ಆಕ್ಟೋಪಸ್‌ಗೆ ಮುಖವಾಡವಿಲ್ಲದೆ ಹೋದದ್ದರಿಂದಲೇ ಅರ್ಧ ಸಮಸ್ಯೆ ಪರಿಹಾರವಾಯಿತು. ಉಳಿದರ್ಧವನ್ನು ಚಿತ್ರಕಥೆಯೇ ಬಗೆಹರಿಸಬೇಕಾಗಿತ್ತು.

ಕಥೆಯ ಬೇರು ಕಾಮಿಕ್ಸ್‌ನಲ್ಲಿದೆ. ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸೃಷ್ಟಿಸಿದ ಸ್ಪೈಡರ್‌ಮ್ಯಾನ್ 1962ರಲ್ಲಿ ‘ಅಮೇಜಿಂಗ್ ಫ್ಯಾಂಟಸಿ’ ಪತ್ರಿಕೆಯ 15ನೆಯ ಸಂಚಿಕೆಯಲ್ಲಿ ಮೊದಲು ಕಾಣಿಸಿಕೊಂಡ. ಅದುವರೆಗಿನ ಕಾಮಿಕ್ಸ್‌ನಲ್ಲಿ ಹದಿಹರೆಯದ ಹುಡುಗ ಬಹುತೇಕ ದೊಡ್ಡ ನಾಯಕನ ಜೊತೆಗಾರನಾಗಿ ಬರುತ್ತಿದ್ದ. ಇಲ್ಲಿ ಅವನೇ ನಾಯಕ, ಅದೂ ದುಡ್ಡಿಲ್ಲದ, ಅಪರಾಧಪ್ರಜ್ಞೆ ಹೊತ್ತ ನಾಯಕ. ತಾನು ಸುಮ್ಮನೆ ಬಿಟ್ಟ ಕಳ್ಳನೇ ತನ್ನನ್ನು ಸಾಕಿದ ಚಿಕ್ಕಪ್ಪ ಬೆನ್‌ನನ್ನು ಕೊಂದ ಎಂಬ ಕೊರಗು ಪೀಟರ್ ಪಾರ್ಕರ್‌ನನ್ನು ಬಿಡುವುದಿಲ್ಲ. 1967ರಲ್ಲಿ ಲೀ ಮತ್ತು ಜಾನ್ ರೊಮಿಟಾ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ನ 50ನೆಯ ಸಂಚಿಕೆಯಲ್ಲಿ, ಸಾಕಾಗಿಹೋದ ಪೀಟರ್ ತನ್ನ ಉಡುಪನ್ನು ಕಸದ ತೊಟ್ಟಿಗೆ ಎಸೆದು ನಡೆದುಬಿಡುವ ಕಥೆ ಹೇಳಿದರು. ಚಿತ್ರದಲ್ಲಿ ಆ ಚಿತ್ರಿಕೆ ಹೆಚ್ಚುಕಡಿಮೆ ಇದ್ದಹಾಗೇ ಬಂದಿದೆ. ಚಿತ್ರಕಥೆಯನ್ನು ಬರೆದವರು ಆಲ್ವಿನ್ ಸಾರ್ಜೆಂಟ್. ‘ಜೂಲಿಯಾ’ ಮತ್ತು ‘ಆರ್ಡಿನರಿ ಪೀಪಲ್’ ಚಿತ್ರಗಳಿಗಾಗಿ ಎರಡು ಆಸ್ಕರ್ ಪಡೆದಿದ್ದ ಬರಹಗಾರ ಅವರು. ‘ಆರ್ಡಿನರಿ ಪೀಪಲ್’ ಮಗನೊಬ್ಬ ಸತ್ತ ಮನೆಯಲ್ಲಿ ಉಳಿದವರು ಮಾತಾಡಲಾರದೆ ಬೇಯುವ ಕಥೆ. ಸುಮಾರು 20 ಕೋಟಿ ಡಾಲರ್ ಸುರಿದ ಚಿತ್ರವೊಂದರ ಲೇಖನಿಯನ್ನು ಇಂಥವರ ಕೈಗೆ ಕೊಟ್ಟದ್ದು ನಿರ್ಮಾಪಕರ ಜಾಣ್ಮೆ.

ಚಿತ್ರದ ಮೊದಲ ಭಾಗವೆಲ್ಲ ಸೋಲಿನ ಪಟ್ಟಿ. ಪೀಟರ್ ಪಿಜ್ಜಾ ತಲುಪಿಸುವ ಕೆಲಸ ಕಳೆದುಕೊಳ್ಳುತ್ತಾನೆ. ಬಾಡಿಗೆ ಬಾಕಿಯಿದೆ, ಕಾಲೇಜಿನಲ್ಲಿ ಹಿಂದೆ ಬಿದ್ದಿದ್ದಾನೆ. ಉಡುಪನ್ನು ಲಾಂಡ್ರಿಯ ಯಂತ್ರಕ್ಕೆ ಹಾಕಿದರೆ ಅದರ ಬಣ್ಣ ಬಿಟ್ಟು ಬಿಳಿ ಬಟ್ಟೆಗೆಲ್ಲ ಹತ್ತುತ್ತದೆ. ಪ್ರೀತಿಸಿದ ಮೇರಿ ಜೇನ್ ನಟಿಸುತ್ತಿರುವ ನಾಟಕಕ್ಕೆ ತಡವಾಗಿ ಹೋಗಿ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಆ ನಾಟಕ ಆಸ್ಕರ್ ವೈಲ್ಡ್‌ನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’. ಊರಲ್ಲೊಂದು ಹೆಸರು, ಪಟ್ಟಣದಲ್ಲೊಂದು ಹೆಸರು ಇಟ್ಟುಕೊಂಡು ಎರಡು ಬಾಳು ಬಾಳುವವನ ಕಥೆ. ನಿರ್ದೇಶಕ ಇದನ್ನು ಎಲ್ಲೂ ಒತ್ತಿ ಹೇಳುವುದಿಲ್ಲ, ಹೇಳದೆ ಬಿಟ್ಟದ್ದೇ ಒಳ್ಳೆಯದಾಯಿತು.

ಈ ಬಡತನ ಬರೀ ಹಾಸ್ಯಕ್ಕೆ ಬಂದದ್ದಲ್ಲ. ಪೀಟರ್‌ನ ಹುಟ್ಟುಹಬ್ಬದ ದಿನ ಚಿಕ್ಕಮ್ಮ ಮೇ ಅವನ ಕೈಗೆ 20 ಡಾಲರ್ ನೋಟು ಇಡುತ್ತಾಳೆ. ಆಕೆಯ ಮನೆಯೇ ಸಾಲದಲ್ಲಿ ಕೈಬಿಟ್ಟುಹೋಗುವಂತಿದೆ ಎಂದು ಅವನಿಗೆ ಆಗಷ್ಟೇ ತಿಳಿದಿದೆ. ಬೇಡವೆನ್ನುತ್ತಾನೆ. ತಣ್ಣಗಿದ್ದ ಮುದುಕಿ ಒಮ್ಮೆಲೇ ಸಿಡಿದು, ಇಷ್ಟಾದರೂ ತಗೋ ಎಂದು ಕೂಗುತ್ತಾಳೆ, ಮರುಕ್ಷಣ ತನ್ನ ಕೂಗಿಗೆ ತಾನೇ ನೊಂದುಕೊಳ್ಳುತ್ತಾಳೆ. ಮೇ ಪಾತ್ರ ಮಾಡಿದ ರೋಸ್‌ಮರಿ ಹ್ಯಾರಿಸ್ ಇಂಗ್ಲೆಂಡ್ ಮತ್ತು ಅಮೆರಿಕದ ರಂಗಭೂಮಿಯಲ್ಲಿ ಪಳಗಿದ ನಟಿ. ಕೊಡುವುದಕ್ಕೂ ಗತಿಯಿಲ್ಲವಾದವರ ಸ್ವಾಭಿಮಾನ ಆಕೆಯ ಆ ಕೂಗಿನಲ್ಲಿ ಕೇಳಿಸುತ್ತದೆ. ಮುಂದೆ ಅದೇ ಚಿಕ್ಕಮ್ಮ ಸಾಲ ಕೇಳಲು ಬ್ಯಾಂಕಿಗೆ ಹೋಗುತ್ತಾಳೆ. ಬ್ಯಾಂಕಿನವನು ಆಗುವುದಿಲ್ಲವೆನ್ನುತ್ತಾನೆ. ಅದೇ ಕೋಣೆಗೆ ಆಕ್ಟೋಪಸ್ ನುಗ್ಗಿ ಖಜಾನೆಯ ಬಾಗಿಲನ್ನು ಕಿತ್ತೆಸೆಯುತ್ತಾನೆ, ಚಿನ್ನದ ನಾಣ್ಯಗಳ ಚೀಲಗಳು ಹಾರಾಡುತ್ತವೆ, ಹೊಡೆದಾಟ ಕಟ್ಟಡದ ಹೊರಗೋಡೆಗೆ ಹತ್ತುತ್ತದೆ, ಚಿಕ್ಕಮ್ಮ ಅಂತರದಲ್ಲಿ ತೂಗಾಡುತ್ತಾಳೆ. ಮನೆಯ ಸಂಕಟವೂ ಬೀದಿಯ ರಣರಂಗವೂ ಒಂದೇ ಜಾಗದಲ್ಲಿ, ಒಂದರ ಬೆನ್ನಿಗೆ ಇನ್ನೊಂದು ಬರುವಂತೆ ಹೆಣೆದದ್ದು ಈ ಚಿತ್ರದ ಕಸುಬು.

ಪೀಟರ್‌ನ ಶಕ್ತಿ ಕೈಕೊಡುವುದೂ ಇದೇ ಹೆಣಿಗೆಯ ಭಾಗ. ಬಲೆಯ ನೂಲು ನಡುಗಾಳಿಯಲ್ಲಿ ನಿಂತುಹೋಗುತ್ತದೆ. ಕಣ್ಣು ಮಂಜಾಗಿ ಹಳೆಯ ಕನ್ನಡಕ ಮತ್ತೆ ಬೇಕಾಗುತ್ತದೆ. ಎತ್ತರದ ಕಟ್ಟಡದಿಂದ ಇಳಿಯಲು ಪೂರ್ತಿ ವೇಷದಲ್ಲೇ ಲಿಫ್ಟ್ ಹಿಡಿಯುತ್ತಾನೆ, ಒಳಗಿದ್ದ ಅಪರಿಚಿತನ ಜೊತೆ ಪೆಚ್ಚುಪೆಚ್ಚಾಗಿ ಉಡುಪಿನ ಮಾತಾಡುತ್ತಾನೆ. ಶಕ್ತಿ ಮರಳಿತೆಂದು ಮಾಳಿಗೆಯಿಂದ ಹಾರಿ ಕೆಳಗೆ ಬಿದ್ದಾಗ ಸೊಂಟ ಹಿಡಿದುಕೊಂಡು ಕುಂಟುತ್ತ ಹೋಗುತ್ತಾನೆ. ವೈದ್ಯ ಪರೀಕ್ಷಿಸಿದರೆ ದೇಹದಲ್ಲಿ ಊನವಿಲ್ಲ, ಕಾಯಿಲೆ ಮನಸ್ಸಿನದು. ಒಳಗಿನ ಬಳಲಿಕೆ ನೇರವಾಗಿ ದೃಶ್ಯವಾಗುವ ದಾರಿ ಇದು. ಹಾರುವವನು ಬೀಳಬಲ್ಲ ಎಂದು ಒಮ್ಮೆ ಮನಗಾಣಿಸಿದ ಮೇಲೆ ಅವನ ಪ್ರತಿ ಹಾರಾಟದಲ್ಲೂ ಪ್ರೇಕ್ಷಕನಿಗೆ ಪ್ರಾಣಭಯ ಅಂಟಿಕೊಳ್ಳುತ್ತದೆ. ಇದಕ್ಕೆ ತಂತ್ರಜ್ಞರಿಗಿಂತ ಮೊದಲು ಚಿತ್ರಕಥೆಗಾರನನ್ನೇ ಮೆಚ್ಚಬೇಕು.

ಚಿತ್ರದ ತಿರುಳು ಅಡುಗೆಮನೆಯ ಮೇಜಿನ ಬಳಿ ಇದೆ. ಬೆನ್ ಚಿಕ್ಕಪ್ಪನ ಸಾವಿಗೆ ತಾನೇ ಕಾರಣ, ಕಳ್ಳನನ್ನು ತಡೆಯಬಹುದಾಗಿತ್ತು, ತಡೆಯಲಿಲ್ಲ ಎಂದು ಪೀಟರ್ ಚಿಕ್ಕಮ್ಮನೆದುರು ಬಾಯಿಬಿಡುತ್ತಾನೆ. ಪೀಟರ್ ಪಾತ್ರದ ಟೋಬಿ ಮಗ್ವಾಯರ್ ಇದನ್ನು ತಡೆತಡೆದು, ದನಿ ಏರಿಸದೆ ಹೇಳುತ್ತಾನೆ. ಮೇಜಿನ ಮೇಲೆ ಅವನ ಕೈ ಹಿಡಿದಿದ್ದ ಮೇ ನಿಧಾನವಾಗಿ ತನ್ನ ಕೈ ಎಳೆದುಕೊಳ್ಳುತ್ತಾಳೆ. ಎದ್ದು, ಒಂದು ಮಾತಿಲ್ಲದೆ ಮಹಡಿಯ ಮೆಟ್ಟಿಲು ಹತ್ತಿಬಿಡುತ್ತಾಳೆ. ಅಳುವಿಲ್ಲ, ಬೈಗುಳವಿಲ್ಲ, ಕ್ಷಮೆಯೂ ಇಲ್ಲ. ಕ್ಷಮೆ ಬರುವುದು ಬಹಳ ಹೊತ್ತಿನ ಮೇಲೆ, ಮನೆ ಖಾಲಿ ಮಾಡುವ ದಿನ, ಸಾಮಾನು ಕಟ್ಟುವ ನಡುವೆ. ಆಗಲೂ ಆಕೆಗೆ ಅವನ ಗುಟ್ಟು ಗೊತ್ತೋ ಇಲ್ಲವೋ ಎಂಬುದನ್ನು ಚಿತ್ರ ಬಿಚ್ಚಿ ಹೇಳುವುದಿಲ್ಲ. ನೆರೆಮನೆಯ ಹುಡುಗನಿಗೆ ಸ್ಪೈಡರ್‌ಮ್ಯಾನ್ ಬೇಕು ಎಂದಷ್ಟೇ ಆಕೆ ಹೇಳುತ್ತಾಳೆ. ಆ ಮಾತು ಸ್ವಲ್ಪ ಉದ್ದವಾಯಿತು, ಪಾಠದ ಧಾಟಿಗೂ ಹೊರಳಿತು. ಕೈ ಎಳೆದುಕೊಂಡ ಆ ಒಂದು ಚಲನೆಯಲ್ಲಿರುವ ಬಲ ಅದಕ್ಕಿಲ್ಲ.

ಅಡುಗೆಮನೆಯ ಈ ದೃಶ್ಯದಲ್ಲಿ ವೇಷವಿಲ್ಲ, ಆದರೆ ಮುಖವಾಡ ಕಳಚುವುದು ಇಲ್ಲಿಂದಲೇ ಮೊದಲಾಗುತ್ತದೆ. ಮುಂದೆ ಪೀಟರ್‌ನ ಮುಖ ಬೇರೆ ಬೇರೆಯವರ ಎದುರು ಬಯಲಾಗುತ್ತ ಹೋಗುತ್ತದೆ. ರೈಲಿನಲ್ಲಿ ಅಪರಿಚಿತರಿಗೆ. ತಂದೆಯ ಸಾವಿಗೆ ಸ್ಪೈಡರ್‌ಮ್ಯಾನನ್ನು ದ್ವೇಷಿಸುವ ಗೆಳೆಯ ಹ್ಯಾರಿ ಕೊಲ್ಲಲೆಂದು ಮುಸುಕು ಕಿತ್ತಾಗ ಅವನಿಗೆ. ಕೊನೆಯ ಕಾಳಗದಲ್ಲಿ, ಒಮ್ಮೆ ಗುರುವಿನಂತಿದ್ದ ಎದುರಾಳಿ ಆಕ್ಟೇವಿಯಸ್‌ಗೆ. ಮತ್ತೆ, ಕುಸಿಯುತ್ತಿರುವ ಗೋಡೆಯನ್ನು ಬೆನ್ನ ಮೇಲೆ ಹೊತ್ತು ನಿಂತಾಗ ಮೇರಿ ಜೇನ್‌ಗೆ. ಪ್ರತಿ ಸಲವೂ ಅದು ದೃಶ್ಯವೈಭವ ತಾರಕಕ್ಕೇರಿದ ಹೊತ್ತು ಅಥವಾ ಅದರ ಬೆನ್ನಿಗೆ ಬರುವ ಗಳಿಗೆ. ಅಲ್ಲಿ ಪ್ರೇಕ್ಷಕ ನೋಡುವುದು ವೇಷವನ್ನಲ್ಲ, ಬೆವರಿ ಬಸವಳಿದ ಹುಡುಗನೊಬ್ಬನ ಮುಖವನ್ನು. ಇಷ್ಟು ಸಲ ಮುಖವಾಡ ತೆಗೆಯಬೇಕಿತ್ತೇ ಎಂದು ಕಾಮಿಕ್ಸ್‌ನ ಅಭಿಮಾನಿಗಳು ಆಕ್ಷೇಪಿಸುವುದುಂಟು. ಗುಟ್ಟನ್ನು ಕಾಯ್ದುಕೊಳ್ಳುವ ಕಥೆಯಾಗಿ ನೋಡಿದರೆ ಅದು ಸರಿ. ಈ ಚಿತ್ರ ಹೇಳುತ್ತಿರುವುದು ಗುಟ್ಟು ಕಳೆದುಕೊಳ್ಳುವವನ ಕಥೆ.

ಖಳನ ಪಾತ್ರದಲ್ಲೂ ಇದೇ ಕುಸುರಿ ಇದೆ. ಆಲ್ಫ್ರೆಡ್ ಮೊಲಿನಾ ಅಭಿನಯಿಸಿದ ಆಟೊ ಆಕ್ಟೇವಿಯಸ್ ಮೊದಲು ಬರುವುದು ಹೆಂಡತಿಯ ಜೊತೆ ಊಟದ ಮೇಜಿನಲ್ಲಿ ಕವಿತೆ, ಪ್ರೇಮ ಎಂದು ಹರಟುವ ಸಂಭಾವಿತ ವಿಜ್ಞಾನಿಯಾಗಿ. ಚಿಕ್ಕ ಕೃತಕ ಸೂರ್ಯನನ್ನು ಹೊತ್ತಿಸುವ ಪ್ರಯೋಗ ಕೈಮೀರಿ ಹೆಂಡತಿ ಸಾಯುತ್ತಾಳೆ, ಬೆನ್ನಿಗೆ ಜೋಡಿಸಿದ್ದ ನಾಲ್ಕು ಯಾಂತ್ರಿಕ ತೋಳುಗಳು ಮೈಗೇ ಬೆಸೆದುಕೊಳ್ಳುತ್ತವೆ. ಈ ತೋಳುಗಳನ್ನು ಬರಿಯ ಕಂಪ್ಯೂಟರಿನಲ್ಲಿ ಮಾಡಿ ಮುಗಿಸಬಹುದಿತ್ತು. ರೈಮಿ ತಂಡ ಹಾಗೆ ಮಾಡದೆ ನಿಜವಾದ ಗೊಂಬೆ ತೋಳುಗಳನ್ನು ಕಟ್ಟಿಸಿತು. ಮೊಲಿನಾನ ಹಿಂದೆ ನಿಂತು ಹಲವು ಮಂದಿ ಗೊಂಬೆಯಾಟದವರು ಅವನ್ನು ಆಡಿಸುತ್ತಿದ್ದರು. ಓಡುವ, ಗೋಡೆ ಹತ್ತುವ, ನಗರದ ನಡುವೆ ಹಾರುವ ದೃಶ್ಯಗಳಿಗೆ ಮಾತ್ರ ಕಂಪ್ಯೂಟರ್ ತೋಳುಗಳು ಬಂದವು. ಮೊಲಿನಾ ನಾಲ್ಕಕ್ಕೂ ಹೆಸರಿಟ್ಟುಕೊಂಡಿದ್ದ: ಲ್ಯಾರಿ, ಹ್ಯಾರಿ, ಮೋ, ಫ್ಲೋ. ನಟನಿಗೆ ಎದುರು ಮಾತಾಡಲು ನಿಜವಾದ ವಸ್ತುವೊಂದು ಇದ್ದದ್ದರಿಂದ, ಹಾಳುಬಿದ್ದ ಕಟ್ಟೆಯ ಮೇಲೆ ಕುಳಿತ ಆಕ್ಟೇವಿಯಸ್ ತನ್ನ ತೋಳುಗಳ ಪಿಸುಮಾತಿಗೆ ಕಿವಿಗೊಡುವ ದೃಶ್ಯ ನಗೆಪಾಟಲಾಗದೆ ಉಳಿಯಿತು.

ಆಸ್ಪತ್ರೆಯ ದೃಶ್ಯವನ್ನು ಇಲ್ಲಿ ಬಿಡುವಂತಿಲ್ಲ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಆಕ್ಟೇವಿಯಸ್ ಎಚ್ಚರವಿಲ್ಲದೆ ಬೋರಲು ಮಲಗಿದ್ದಾನೆ. ವೈದ್ಯರು ಗರಗಸ ಹಿಡಿದು ತೋಳುಗಳನ್ನು ಕತ್ತರಿಸಲು ಬಾಗುತ್ತಾರೆ. ಒಡೆಯ ನಿದ್ದೆಯಲ್ಲಿದ್ದರೂ ತೋಳುಗಳು ಏಳುತ್ತವೆ. ಹಿನ್ನೆಲೆ ಸಂಗೀತವಿಲ್ಲ, ಕಿರುಚಾಟ ಮತ್ತು ಲೋಹದ ಸದ್ದು ಮಾತ್ರ. ಎಳೆದೊಯ್ಯಲ್ಪಡುವ ಹೆಂಗಸಿನ ಉಗುರುಗಳು ನೆಲವನ್ನು ಗೀರುತ್ತವೆ. 1981ರಲ್ಲಿ ಕಡಿಮೆ ಕಾಸಿನ ‘ದಿ ಈವಿಲ್ ಡೆಡ್’ ಎಂಬ ಭಯಾನಕ ಚಿತ್ರದಿಂದ ಹೆಸರು ಮಾಡಿದ ರೈಮಿಯ ಹಳೆಯ ಕೈ ಇದು. ಕೊನೆಗೆ ಎಚ್ಚೆತ್ತು ಸುತ್ತಲಿನ ಹೆಣಗಳನ್ನು ಕಂಡ ಆಕ್ಟೇವಿಯಸ್ ಆಕಾಶ ನೋಡಿ ಚೀರುತ್ತಾನೆ. ಭರತನ ನಾಟ್ಯಶಾಸ್ತ್ರ ರೌದ್ರದಿಂದ ಕರುಣ ಹುಟ್ಟುತ್ತದೆ, ವೀರದಿಂದ ಅದ್ಭುತ ಹುಟ್ಟುತ್ತದೆ ಎಂದು ರಸಗಳ ನಂಟನ್ನು ಹೇಳುತ್ತದೆ. ಬೇರೆ ದೇಶದ, ಬೇರೆ ಕಾಲದ ಈ ಚಿತ್ರಕ್ಕೂ ಆ ಲೆಕ್ಕ ಚೆನ್ನಾಗಿ ಒಪ್ಪುತ್ತದೆ. ಕೊಲೆ ನಡೆದ ಕೋಣೆಯಲ್ಲಿ ಕೊಂದವನ ಮೇಲೆಯೇ ಮರುಕ ಹುಟ್ಟುವುದು ಸಣ್ಣ ಸಾಧನೆಯಲ್ಲ.

ತಂತ್ರದ ಕಡೆಯಿಂದ ನೋಡಿದರೂ ತಂಡದ ಗಮನ ಮುಖದ ಮೇಲೆಯೇ ಇತ್ತು. ದೃಶ್ಯಪರಿಣಾಮದ ಹೊಣೆ ಹೊತ್ತವರು ‘ಸ್ಟಾರ್ ವಾರ್ಸ್’ ಕಾಲದ ಹಿರಿಯ ಜಾನ್ ಡೈಕ್‌ಸ್ಟ್ರಾ. ಮನುಷ್ಯನಿಂದಾಗದ ಸಾಹಸಗಳಿಗೆ ನಟರ ಡಿಜಿಟಲ್ ಪ್ರತಿರೂಪ ಬೇಕಿತ್ತು. ಮೊಲಿನಾನ ಮುಖ ಬಯಲಾಗಿಯೇ ಇರುವುದರಿಂದ, ಮಗ್ವಾಯರ್‌ನ ಮುಖವೂ ಆಗಾಗ ಬಯಲಾಗುವುದರಿಂದ ಮುಸುಕಿನ ಮರೆಯಲ್ಲಿ ಜಾರಿಕೊಳ್ಳುವಂತಿರಲಿಲ್ಲ. ಪಾಲ್ ಡೆಬೆವೆಕ್ ರೂಪಿಸಿದ್ದ ‘ಲೈಟ್ ಸ್ಟೇಜ್’ ಎಂಬ ಸಾಧನ ಇಲ್ಲಿ ನೆರವಾಯಿತು. ನಟ ಕುರ್ಚಿಯಲ್ಲಿ ಅಲುಗದೆ ಕೂರುತ್ತಾನೆ. ದೀಪಗಳು ಸುತ್ತುತ್ತ ನೂರಾರು ದಿಕ್ಕಿನಿಂದ ಮುಖಕ್ಕೆ ಬೆಳಕು ಚೆಲ್ಲುತ್ತವೆ, ಕ್ಯಾಮರಾಗಳು ಪ್ರತಿ ದಿಕ್ಕಿನ ಬೆಳಕಿನಲ್ಲೂ ಚಿತ್ರ ಹಿಡಿಯುತ್ತವೆ. ಈ ಚಿತ್ರಗಳನ್ನು ಬೇಕಾದ ಪ್ರಮಾಣದಲ್ಲಿ ಕೂಡಿಸಿದರೆ ಅದೇ ಮುಖ ಯಾವ ಹೊತ್ತಿನ, ಯಾವ ಜಾಗದ ಬೆಳಕಿನಲ್ಲಿ ಹೇಗೆ ಕಂಡೀತೋ ಹಾಗೆ ಕಾಣುತ್ತದೆ. ಇಂದಿನ ಕಣ್ಣಿಗೆ ಕೆಲವು ಹಾರಾಟಗಳಲ್ಲಿ ದೇಹ ರಬ್ಬರಿನಂತೆ ಬಳುಕುವುದು ಗೊತ್ತಾಗುತ್ತದೆ. ಆದರೂ ಬೆಳಕು ಚರ್ಮದ ಮೇಲೆ ಬೀಳುವ ರೀತಿ ನಂಬಿಕೆಯನ್ನು ಕೆಡಿಸುವುದಿಲ್ಲ.

ಎಲ್ಲ ಎಳೆಗಳೂ ಸೇರುವುದು ರೈಲಿನ ದೃಶ್ಯದಲ್ಲಿ. ಅದರ ಚಿತ್ರೀಕರಣಕ್ಕೆ ಷಿಕಾಗೋದ ಎತ್ತರಿಸಿದ ರೈಲುಮಾರ್ಗವನ್ನು ಬಳಸಿಕೊಂಡರು. ಕಥೆ ನಡೆಯುವ ನ್ಯೂಯಾರ್ಕಿನ ಮ್ಯಾನ್‌ಹಟನ್ ನಡುಭಾಗದಲ್ಲಿ ಅಂಥ ಮಾರ್ಗ ಈಗ ಇಲ್ಲವೇ ಇಲ್ಲ, ಪ್ರೇಕ್ಷಕ ಅದನ್ನು ಲೆಕ್ಕಕ್ಕಿಡುವುದೂ ಇಲ್ಲ. ರೈಲಿನ ಮಾಳಿಗೆಯ ಮೇಲೂ ಪಕ್ಕದಲ್ಲೂ ಹೊಡೆದಾಟ ನಡೆದು, ಆಕ್ಟೋಪಸ್ ನಿಯಂತ್ರಣವನ್ನು ಮುರಿದು ಹೊರಟುಹೋಗುತ್ತಾನೆ. ರೈಲು ಹಳಿ ಮುಗಿಯುವ ಕಡೆಗೆ ಓಡುತ್ತಿದೆ. ಪೀಟರ್ ಮುಖವಾಡ ತೆಗೆದು ಮುಂಭಾಗಕ್ಕೆ ಬರುತ್ತಾನೆ. ಮೊದಲು ಕಾಲೂರಿ ನಿಲ್ಲಿಸಲು ಹೋಗುತ್ತಾನೆ, ಹಳಿಯ ಅಡ್ಡದಿಮ್ಮಿಗಳು ಸಾಲಾಗಿ ಮುರಿಯುತ್ತವೆಯೇ ಹೊರತು ವೇಗ ಇಳಿಯುವುದಿಲ್ಲ. ಆಮೇಲೆ ಎರಡೂ ಬದಿಯ ಕಟ್ಟಡಗಳಿಗೆ ಬಲೆಯ ಎಳೆಗಳನ್ನು ಎಸೆದು, ಎಲ್ಲವನ್ನೂ ಎರಡು ಮುಷ್ಟಿಯಲ್ಲಿ ಹಿಡಿದು ಎದೆಗೊಡುತ್ತಾನೆ. ಎಳೆಗಳು ಬಿಗಿಯುತ್ತವೆ, ಗೋಡೆಗಳ ತುಂಡು ಕಿತ್ತುಬರುತ್ತದೆ, ಉಡುಪು ಹರಿಯುತ್ತದೆ. ಸಂಕಲನ ಪದೇ ಪದೇ ಮರಳುವುದು ಅವನ ಮುಖಕ್ಕೆ: ಹಲ್ಲು ಕಚ್ಚಿ, ನರ ಉಬ್ಬಿ, ಕೂಗುತ್ತಿರುವ, ಅಂದಗೆಟ್ಟ ಮುಖ. ಮಗ್ವಾಯರ್‌ನ ಆ ಮುಖಭಾವವನ್ನು ಗೇಲಿ ಮಾಡಿದವರಿದ್ದಾರೆ. ಆದರೆ ಭಾರ ಹೊರುವವನ ಮುಖ ಅಂದವಾಗಿರುವುದಿಲ್ಲ.

ರೈಲು ನಿಲ್ಲುತ್ತದೆ. ಸಾಮಾನ್ಯ ಚಿತ್ರವಾಗಿದ್ದರೆ ಜಯಘೋಷ ಮೊಳಗಿ ದೃಶ್ಯ ಮುಗಿಯುತ್ತಿತ್ತು. ಇಲ್ಲಿ ನಿಜವಾದ ದೃಶ್ಯ ಶುರುವಾಗುವುದೇ ಆಮೇಲೆ. ಎಚ್ಚರ ತಪ್ಪಿ ಕೆಳಗೆ ಬೀಳಲಿದ್ದವನನ್ನು ಒಡೆದ ಗಾಜಿನಾಚೆಯಿಂದ ಪ್ರಯಾಣಿಕರ ಕೈಗಳು ಹಿಡಿದೆಳೆದುಕೊಳ್ಳುತ್ತವೆ. ತಲೆಯ ಮೇಲೆ ಕೈಯಿಂದ ಕೈಗೆ ದಾಟಿಸುತ್ತ ಒಳಗೊಯ್ದು ನೆಲದ ಮೇಲೆ ಮಲಗಿಸುತ್ತಾರೆ. ಚಾಚಿದ ತೋಳುಗಳ ಆ ಭಂಗಿಯಲ್ಲಿ ಶಿಲುಬೆಯಿಂದ ಇಳಿಸಿದ ಯೇಸುವಿನ ನೆನಪು ಉದ್ದೇಶಪೂರ್ವಕವಾಗಿಯೇ ಇದೆ. ಒಬ್ಬ ಪ್ರಯಾಣಿಕ ಬಗ್ಗಿ ನೋಡಿ, ಇವನು ಬರೀ ಹುಡುಗ, ನನ್ನ ಮಗನಿಗಿಂತ ದೊಡ್ಡವನಲ್ಲ ಎನ್ನುತ್ತಾನೆ. ಇಬ್ಬರು ಮಕ್ಕಳು ಮುಖವಾಡ ತಂದುಕೊಟ್ಟು, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡುತ್ತಾರೆ. ಮತ್ತೆ ಆಕ್ಟೋಪಸ್ ಬಂದಾಗ ನಿಶ್ಶಸ್ತ್ರರಾದ ಆ ಜನ ಒಬ್ಬೊಬ್ಬರಾಗಿ ಅಡ್ಡ ನಿಲ್ಲುತ್ತಾರೆ. ಅವನು ಅವರನ್ನು ಪಕ್ಕಕ್ಕೆ ತಳ್ಳಿ ತನಗೆ ಬೇಕಾದವನನ್ನು ಎತ್ತಿಕೊಂಡು ಹೋಗುತ್ತಾನೆ ನಿಜ. ಆದರೆ ಕಾಪಾಡಿದವನು ಯಾರು, ಕಾಪಾಡಿಸಿಕೊಂಡವರು ಯಾರು ಎಂಬ ಲೆಕ್ಕ ಅಷ್ಟರಲ್ಲಿ ತಿರುವುಮುರುವಾಗಿರುತ್ತದೆ. ವೀರದಿಂದ ಹುಟ್ಟಿದ ಅದ್ಭುತ ಇಲ್ಲಿ ಅಲ್ಲಿಗೇ ನಿಲ್ಲದೆ ಕರುಣಕ್ಕೆ ಇಳಿಯುತ್ತದೆ.

ಚಿತ್ರದಲ್ಲಿ ಕುಂದುಗಳೂ ಉಂಟು. ಕರ್ಸ್ಟನ್ ಡನ್ಸ್ಟ್‌ಳ ಮೇರಿ ಜೇನ್ ಕೊನೆಯ ಭಾಗದಲ್ಲಿ ಮತ್ತೊಮ್ಮೆ ಕಟ್ಟಿಹಾಕಿದ ಒತ್ತೆಯಾಳಾಗುತ್ತಾಳೆ. ಅದುವರೆಗೆ ಸ್ವಂತ ನೋವು, ಸ್ವಂತ ವೃತ್ತಿ ಇದ್ದ ಹೆಣ್ಣಿಗೆ ಇದು ಅನ್ಯಾಯ. ಚಿಕ್ಕ ಕೃತಕ ಸೂರ್ಯನನ್ನು ನದಿಯಲ್ಲಿ ಮುಳುಗಿಸಿ ಆರಿಸುವ ವಿಜ್ಞಾನವನ್ನು ಕೆದಕದಿರುವುದೇ ಲೇಸು. ಆದರೆ ಮುಳುಗಿಸುವವನು ಆಕ್ಟೇವಿಯಸ್ ಆಗಿರುವುದು, ಅದಕ್ಕೂ ಮೊದಲು ಪೀಟರ್ ಮುಖವಾಡ ತೆಗೆದು ಶಿಷ್ಯನಂತೆ ಅವನೊಡನೆ ಮಾತಾಡುವುದು ಕಥೆಯ ತರ್ಕಕ್ಕೆ ಸರಿಯಾಗಿದೆ. ದೊಡ್ಡ ಕಾಳಗ ಗುದ್ದಿನಿಂದ ಮುಗಿಯದೆ ಮನವೊಲಿಕೆಯಿಂದ ಮುಗಿಯುವುದು ಈ ಪ್ರಕಾರದಲ್ಲಿ ಅಪರೂಪ.

ಆಮೇಲಿನವರು ಮುಖವಾಡದ ತೊಡಕಿಗೆ ಬೇರೆ ಬೇರೆ ಉಪಾಯ ಕಂಡುಕೊಂಡರು. 2008ರ ‘ಐರನ್ ಮ್ಯಾನ್’ ಶಿರಸ್ತ್ರಾಣದ ಒಳಗೇ ಕ್ಯಾಮರಾ ಇಟ್ಟಂತೆ ರಾಬರ್ಟ್ ಡೌನಿ ಜೂನಿಯರ್‌ನ ಮುಖ ತೋರಿಸಿತು. ಅನುಕೂಲವಾದ ಉಪಾಯ, ಮುಂದೆ ರೂಢಿಯೂ ಆಯಿತು. ಆದರೆ ಅಲ್ಲಿ ಮುಖ ತೋರಿಸಲು ಪಾತ್ರ ಏನನ್ನೂ ತೆರಬೇಕಿಲ್ಲ. ರೈಮಿಯ ದಾರಿಗೆ ಹೆಚ್ಚು ಹತ್ತಿರವಿರುವುದು ಪಕ್ಕದ ಕೇರಳದ ಚಿತ್ರ. ಬೇಸಿಲ್ ಜೋಸೆಫ್ ನಿರ್ದೇಶಿಸಿದ ‘ಮಿನ್ನಲ್ ಮುರಳಿ’ 2021ರ ಡಿಸೆಂಬರ್ 24ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾಯಿತು, ಕನ್ನಡದ ದನಿಯಲ್ಲೂ ಸಿಕ್ಕಿತು. ಒಂದೇ ಸಿಡಿಲು ಹಳ್ಳಿಯ ಇಬ್ಬರಿಗೆ ಹೊಡೆಯುತ್ತದೆ. ಟೊವಿನೋ ಥಾಮಸ್ ಅಭಿನಯಿಸಿದ ದರ್ಜಿ ಜೈಸನ್ ನಾಯಕನಾಗುತ್ತಾನೆ, ಗುರು ಸೋಮಸುಂದರಂ ಅಭಿನಯಿಸಿದ ಶಿಬು ಖಳನಾಗುತ್ತಾನೆ. ಶಿಬು ವರ್ಷಗಟ್ಟಲೆ ಕಾದ ಉಷಾ ಕೊನೆಗೆ ಅವನನ್ನು ಒಪ್ಪಿದಾಗ ಅವನ ಮುಖದಲ್ಲಿ ನಗುವೂ ಅಳುವೂ ಒಟ್ಟಿಗೆ ಒಡೆಯುತ್ತವೆ. ಕ್ಯಾಮರಾ ಅಲ್ಲಿಂದ ಕದಲುವುದಿಲ್ಲ. ಊರವರು ಹಚ್ಚಿದ ಬೆಂಕಿಯಲ್ಲಿ ಆಕೆ ಸತ್ತ ಮೇಲೆ ಅವನು ಊರನ್ನೇ ಸುಡಲು ಹೊರಟಾಗ, ಉರಿಯುವ ದೃಶ್ಯದ ವೈಭವಕ್ಕೆಲ್ಲ ಆ ಮುಖವೇ ಆಧಾರ. ಹಾಲಿವುಡ್ಡಿನ ಖರ್ಚಿನ ಒಂದು ಚೂರೂ ಇಲ್ಲದೆ ಆ ಚಿತ್ರ ಗೆದ್ದದ್ದು ಇದರಿಂದಲೇ. ನಾಯಕನ ಸಾಹಸಗಳಲ್ಲಿ ಅಷ್ಟು ಜೀವವಿಲ್ಲ ಎಂಬುದನ್ನೂ ಹೇಳಬೇಕು.

‘ಸ್ಪೈಡರ್‌ಮ್ಯಾನ್ 2’ ಜಗತ್ತಿನಾದ್ಯಂತ 78 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. 2005ರ ಆಸ್ಕರ್ ಸಮಾರಂಭದಲ್ಲಿ ಜಾನ್ ಡೈಕ್‌ಸ್ಟ್ರಾ, ಸ್ಕಾಟ್ ಸ್ಟಾಕ್‌ಡೈಕ್, ಆಂಟನಿ ಲಾಮೊಲಿನಾರಾ ಮತ್ತು ಜಾನ್ ಫ್ರೇಜಿಯರ್ ದೃಶ್ಯಪರಿಣಾಮಕ್ಕಾಗಿ ಪ್ರಶಸ್ತಿ ಪಡೆದರು. ಧ್ವನಿಯ ಎರಡು ವಿಭಾಗಗಳಲ್ಲಿ ನಾಮನಿರ್ದೇಶನ ಬಂತು. ರೋಸ್‌ಮರಿ ಹ್ಯಾರಿಸ್ ಮತ್ತು ಆಲ್ಫ್ರೆಡ್ ಮೊಲಿನಾ ಅವರ ಅಭಿನಯಕ್ಕೆ ನಾಮನಿರ್ದೇಶನವೂ ಸಿಗಲಿಲ್ಲ.